ದೊಡ್ಡಕ್ಕ ಬಾಯಿ ಬಿಡದ ಬೆಳಗು

ಬೆಳಗಿನ ಐದೂಕಾಲು. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಆರು ಯಂತ್ರಗಳು ಗುಡುಗುಡು ಎನ್ನುತ್ತಿವೆ, ಹನ್ನೊಂದು ಮಂದಿಗೆ ಕೈ ಬಿಡುವಿಲ್ಲ. ಇವರ ಮೇಲ್ವಿಚಾರಕಿ ಮಾತ್ರ ಮೂಲೆಯ ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತಿದ್ದಾರೆ. ಎಲ್ಲರೂ ಅವರನ್ನು ಕರೆಯುವುದು ದೊಡ್ಡಕ್ಕ ಎಂದು. ಇಂದು ಹತ್ತು ಗಂಟೆಯವರೆಗೆ ಅವರು ಕೆಲಸದ ಬಗ್ಗೆ ಯಾರಿಗೂ ಒಂದು ಮಾತೂ ಹೇಳುವಂತಿಲ್ಲ.

ಕಾರಣ ರಜೆ. ಮುಂದಿನ ವಾರ ತಂಗಿಗೆ ಕಣ್ಣಿನ ಆಪರೇಷನ್, ಜೊತೆಗಿರಲು ನಾಲ್ಕು ದಿನ ಬೇಕು. "ನೀವಿಲ್ಲದೆ ಇಲ್ಲಿ ಒಂದು ಟವೆಲೂ ಒಣಗಲ್ಲ" ಎಂದು ಮ್ಯಾನೇಜರ್ ರಾಗ ಎಳೆದರಂತೆ. ಅದು ಹೊಗಳಿಕೆ ಎಂದು ಮ್ಯಾನೇಜರ್ ಅಂದುಕೊಂಡಿರಬೇಕು. "ಒಂದು ಬೆಳಗ್ಗೆ ನಾನು ಬಾಯಿ ಬಿಡದೆ ಕೂರ್ತೀನಿ ಸಾರ್, ಕೆಲಸ ನಡೆದ್ರೆ ರಜೆ ಕೊಡಿ" ಎಂದು ದೊಡ್ಡಕ್ಕನೇ ಪಂಥ ಕಟ್ಟಿದ್ದಾರೆ. ಲಾಂಡ್ರಿಯ ಬಗ್ಗೆ ಬರೆಯಲು ಬಂದು ಪಕ್ಕದಲ್ಲಿ ಕೂತಿರುವ ನನ್ನೊಡನೆ ಮಾತಾಡಲು ಅಡ್ಡಿಯಿಲ್ಲ. ಹಾಗಾಗಿ ಕಟ್ಟಿಟ್ಟ ಮಾತೆಲ್ಲ ನನ್ನ ಪಾಲಿಗೆ ಬರುತ್ತಿದೆ.

ದಿನಕ್ಕೆ ಒಂಬೈನೂರು ಹಾಸು, ಇನ್ನೂರು ಗೌನು, ಹತ್ತು ವಾರ್ಡು. ಎಂಟು ವರ್ಷದ ಹಿಂದೆ ಮೇಲ್ವಿಚಾರಕಿಯಾದಾಗ ಇದೆಲ್ಲ ಅವರ ತಲೆಯೊಳಗೇ ಇತ್ತು. ಯಾವ ಬಟ್ಟೆಗಂಟು ಎಲ್ಲಿಗೆ, ಯಾವುದು ಮೊದಲು, ಎಲ್ಲಕ್ಕೂ ಅವರನ್ನೇ ಕೇಳಬೇಕು. ಊಟಕ್ಕೆ ಕೂತರೂ ಕರೆ, ಜ್ವರ ಬಂದರೂ ಕರೆ. ಮೂರನೇ ವರ್ಷ ಒಂದು ಬೆಳಗ್ಗೆ ತಲೆ ಕೈಕೊಟ್ಟಿತು.

"ಸ್ವಿಚ್ ಮುಂದೆ ನಿಂತಿದೀನಿ, ಮುಂದೇನು ಅಂತಾನೇ ಹೊಳೀತಿಲ್ಲ. ಆಪರೇಷನ್ ಥಿಯೇಟರಿನ ಗೌನೆಲ್ಲ ಹೆರಿಗೆ ವಾರ್ಡಿಗೆ ಕಳಿಸ್ಬಿಟ್ಟೆ. ಒಂದು ಆಪರೇಷನ್ ಒಂದೂವರೆ ಗಂಟೆ ತಡ ಆಯ್ತು. ಪುಣ್ಯ, ಆ ರೋಗಿಗೆ ಏನೂ ಆಗ್ಲಿಲ್ಲ. ನನಗೇ ಆಗಿದ್ದು."

ವಾರವಿಡೀ ಅತ್ತರಂತೆ. ಆಮೇಲೆ ಗೋಡೆಗುಂಟ ಒಂದು ಹಗ್ಗ ಕಟ್ಟಿದರು. ವಾರ್ಡಿಗೊಂದು ಬಣ್ಣ, ಗಂಟಿಗೊಂದು ಕ್ಲಿಪ್. ಗಂಟು ಬಂದಾಗ ಕ್ಲಿಪ್ ಹಗ್ಗಕ್ಕೆ, ಹೋಗುವಾಗ ಡಬ್ಬಕ್ಕೆ. ಹಗ್ಗದ ಉಸ್ತುವಾರಿ ವಾರಕ್ಕೊಬ್ಬರದು. ದೊಡ್ಡಕ್ಕ ಎರಡು ಗಂಟೆಗೆ ಮನೆಗೆ ಹೊರಟುಬಿಡುತ್ತಾರೆ. "ಮೊದಮೊದಲು ಸೋಮಾರಿ ಅಂದ್ರು. ಅನ್ಲಿ ಬಿಡಿ" ಎನ್ನುತ್ತಾರೆ.

ಏಳೂವರೆಗೆ ಹೆರಿಗೆ ವಾರ್ಡಿನ ಗಾಡಿ ಹೊರಡುತ್ತದೆ. ದೊಡ್ಡಕ್ಕ ತಟ್ಟನೆ ನನ್ನ ಮಣಿಕಟ್ಟು ಹಿಡಿಯುತ್ತಾರೆ. "ಕೆಳಗಿನ ಗಂಟು ಥಿಯೇಟರಿಂದು" ಎಂಬ ಪಿಸುಮಾತು. ಅದೇ ತಪ್ಪು, ಅದೇ ವಾರ್ಡು. ಕೂಗಿದರೆ ರಜೆ ಹೋಯಿತು, ಸುಮ್ಮನಿದ್ದರೆ ಮೇಲೊಬ್ಬ ರೋಗಿ ಕಾಯಬೇಕು. "ಗಾಡಿ ಲಿಫ್ಟ್ ಮುಟ್ಟಿದ್ರೆ ಕೂಗ್ತೀನಿ. ರಜೆ ಹಾಳಾಗಿ ಹೋಗ್ಲಿ." ಅರ್ಧ ಎದ್ದೇಬಿಟ್ಟಿದ್ದಾರೆ.

ಈ ವಾರ ಹಗ್ಗದ ಉಸ್ತುವಾರಿ ಇಸ್ತ್ರಿಯಮ್ಮನದು. ಆಕೆ ಹಗ್ಗದಿಂದ ಹೆರಿಗೆ ವಾರ್ಡಿನ ಹಳದಿ ಕ್ಲಿಪ್ ಬಿಚ್ಚುತ್ತಾ ಗಕ್ಕನೆ ನಿಲ್ಲುತ್ತಾರೆ. "ಏಯ್, ನಿಲ್ಲಿಸ್ರೇ ಗಾಡಿನ. ಗಂಟು ಮೂರಿದೆ, ಹಳದಿ ಕ್ಲಿಪ್ ಎರಡೇ ಇದೆ." ಗಾಡಿ ಹಿಂದೆ ಬರುತ್ತದೆ, ಕೆಳಗಿನ ಗಂಟು ಇಳಿಯುತ್ತದೆ. ಮೂಲೆಯ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ದೊಡ್ಡಕ್ಕ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ನನ್ನ ಮಣಿಕಟ್ಟಿನಲ್ಲಿ ಅವರ ಬೆರಳ ಗುರುತು ಮೂಡಿದೆ.

ಹತ್ತು ಗಂಟೆಗೆ ಮ್ಯಾನೇಜರ್ ಬಂದು ರಜೆ ಚೀಟಿಗೆ ಸಹಿ ಹಾಕುತ್ತಾರೆ. ಖುಷಿಯಾಯಿತೇ ಎಂದು ಕೇಳುತ್ತೇನೆ. ದೊಡ್ಡಕ್ಕ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಸೇರಿಸುತ್ತಾರೆ.

"ಬೆಳಗ್ಗೆಯಿಂದ ನನ್ನನ್ನ ಯಾರೂ ಏನೂ ಕೇಳ್ಲಿಲ್ಲ, ನೋಡಿದ್ರಾ? ಒಂಚೂರು ಬೇಜಾರಾಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಇಷ್ಟು ವರ್ಷ ನಾನು ಮಾಡಿದ ಕೆಲಸ ಇದೇ ಅಲ್ವಾ."