ಮೇಲಿನ ಹಲ್ಲಿಗೂ ಕಣ್ಣಿಗೂ

ಮೇಲ್ದವಡೆಯ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬಿಕೊಂಡು ಬಂದಿದ್ದಾರೆ. ನಾನೂ ನಂಬಿದವನೇ. ಹಾಗಾಗಿ ಗಬ್ಬೂರಿನ ನನ್ನ ಅಕ್ಕ ಮೇಲಿನ ಹುಳುಕು ಹಲ್ಲಿನಿಂದ ಕೆನ್ನೆ ಊದಿಸಿಕೊಂಡು, ಲವಂಗ ಕಚ್ಚಿಕೊಂಡು ದಿನ ದೂಡುತ್ತಿದ್ದಾಗ, ಕೀಳಿಸು ಎಂದು ಒತ್ತಾಯ ಮಾಡಲು ನನಗೆ ಧೈರ್ಯ ಸಾಲಲಿಲ್ಲ. ಅಕ್ಕ ಹಳೆ ಸೀರೆಗಳ ಕೌದಿ ಹೊಲಿಯುವವಳು. ಕಣ್ಣೇ ಹೋದರೆ ಮಾಡುವುದೇನು?

ರಾಯಚೂರಿನಲ್ಲಿ ದಂತವೈದ್ಯಕೀಯದ ಕೊನೆಯ ವರ್ಷ ಓದುತ್ತಿದ್ದ ನನ್ನ ಮಗಳು ರಜೆಗೆಂದು ಮಾನ್ವಿಯ ನಮ್ಮ ಮನೆಗೆ ಬಂದಿದ್ದಳು. ಅವಳನ್ನು ಕರೆದುಕೊಂಡು ಗಬ್ಬೂರಿಗೆ ಹೋದೆ. ಬಾಯಿ ನೋಡಿದವಳೇ, "ಅತ್ತಿ, ಈ ಹಲ್ಲು ಉಳಿಯಂಗ ಕಾಣಂಗಿಲ್ಲ. ಕೀವು ಮ್ಯಾಲೆ ಏರಿದ್ರ ಕಣ್ಣಿಗೇ ಅಪಾಯ. ನಾಳಿಗೇ ಕಾಲೇಜಿಗೆ ಬಾ" ಎಂದಳು.

"ಹೋಗ್ ಬೇ! ಮೂಲಿಮನಿ ಅಜ್ಜಿ ಹಲ್ಲು ಕೀಳಿಸಿದ್ಲು, ವರ್ಷ ತುಂಬೂದ್ರಾಗ ಕಣ್ಣು ಮಂಜಾತು. ಊರೇ ನೋಡ್ಯದ."

"ಅದೆಲ್ಲ ಮೂಢನಂಬಿಕೆ" ಎಂದು ಮಗಳು ಎದ್ದುಬಿಡುತ್ತಾಳೆ ಅಂದುಕೊಂಡೆ. ಏಳಲಿಲ್ಲ. ಯಾರು ಏನೇ ಹೇಳಿದರೂ 'ಆಧಾರ ಏನು?' ಎಂದು ಕೇಳುವುದನ್ನು ಕಾಲೇಜಿನ ಮೇಷ್ಟ್ರು ರೂಢಿ ಮಾಡಿಸಿದ್ದರಂತೆ. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಓಣಿಯ ಮುದುಕಿಯರತ್ತ ತಿರುಗಿದಳು.

"ಯವ್ವಾ, ನಿಮ್ಮಾಗ ಕಣ್ಣು ಮಂಜಾದೋರು ಯಾರ್ಯಾರು ಅದೀರಿ?"

ಹೆಚ್ಚುಕಡಿಮೆ ಎಲ್ಲರ ಕೈಯೂ ಎದ್ದಿತು.

"ಅವರಾಗ ಮ್ಯಾಲಿನ ಹಲ್ಲು ಕೀಳಿಸಿದೋರು?"

ಕೈಗಳೆಲ್ಲ ಇಳಿದವು. "ನನ್ನವು ತಾವಾಗೇ ಉದುರ್ಯಾವ. ಲೆಕ್ಕಕ್ಕ ಬರ್ತಾವೇನು?" ಎಂದು ಒಬ್ಬಳು ಬೊಚ್ಚುಬಾಯಿ ತೆರೆದಾಗ ಕಟ್ಟೆಯೇ ನಕ್ಕಿತು.

ಮಗಳೂ ನಕ್ಕು ಹೇಳಿದಳು: "ಕೀಳಿಸದವರ ಕಣ್ಣೂ ಮಂಜಾಗ್ಯಾವಲ್ಲ ಅತ್ತಿ. ವಯಸ್ಸಾದಮ್ಯಾಲೆ ಹಲ್ಲೂ ಹೋಗ್ತಾವ, ಕಣ್ಣಿಗೆ ಪೊರಿನೂ ಬರ್ತದ. ಎರಡೂ ಕೂಡೇ ಬಂದ್ರ, ಇದರಿಂದ ಅದು ಆತು ಅಂತೀವಿ. ನಾ ಅಂದೆ ಅಂತ ನಂಬಬ್ಯಾಡ. ನಮ್ಮ ಸರ್‌ಗೂ ಕೇಳು, ಕಣ್ಣಿನ ಡಾಕ್ಟರಿಗೂ ಕೇಳು. ಒಂದು ಮಾತು, ಸೂಜಿ ಮಾಡಿದಾಗ ಕಣ್ಣಿನ ಕೆಳಗ ಜೋಮು ಹಿಡೀತದ. ಅಂಜಬ್ಯಾಡ, ಸಂಜಿಕ ಬಿಡ್ತದ."

ಕೇಳಿಯೇ ನೋಡೋಣವೆಂದು ಅಕ್ಕ ಹೊರಟಳು. ಮರುದಿನ ರಾಯಚೂರಿನಲ್ಲಿ ಮೇಷ್ಟ್ರು ಎಕ್ಸ್‌ರೇ ನೋಡಿ, ಕೀಳುವುದೇ ಸರಿ ಎಂದರು. ತಾವು ಪಕ್ಕದಲ್ಲಿ ನಿಂತು ಮಗಳಿಂದಲೇ ಕೀಳಿಸಿದರು. ಸೂಜಿ ಕೊಟ್ಟ ಸ್ವಲ್ಪ ಹೊತ್ತಿಗೆ ಅಕ್ಕ ಕುರ್ಚಿಯಿಂದ ಅರ್ಧ ಎದ್ದಳು. "ಯಪ್ಪಾ! ಕಣ್ಣಿನ ಕೆಳಗ ಏನೂ ತಿಳೀವಲ್ದು!" ಬಾಗಿಲಲ್ಲಿದ್ದ ನಾನು ಒಳಗೆ ಧಾವಿಸಿದೆ. ಆಮೇಲೆ ಅಕ್ಕ ತಾನೇ, "ಹಾಂ... ಇದನ್ನ ನಿನ್ನೆನೇ ಹೇಳಿದ್ದಿಯಲ್ಲ" ಎಂದು ಒರಗಿ ಬಾಯಿ ತೆರೆದಳು.

ಬಾವು ಇಳಿದ ಮೇಲೆ ಮತ್ತೆ ಗಬ್ಬೂರಿಗೆ ಹೋದೆವು. ಅಕ್ಕ ಓಣಿಯವರ ಮುಂದೆ ಸೂಜಿಗೆ ದಾರ ಪೋಣಿಸಿ ಎತ್ತಿ ಹಿಡಿದಳು. "ನೋಡ್ರಿ, ಹಲ್ಲು ಕೀಳಿಸೂದಕ್ಕೂ ಕಣ್ಣಿಗೂ ಸಂಬಂಧಿಲ್ಲ. ನನ್ನ ಕಣ್ಣೇ ಸಾಕ್ಷಿ!"

ಬೇರೆ ಯಾರಾದರೂ ಆಗಿದ್ದರೆ ಹಿಗ್ಗಿ ಸುಮ್ಮನಿರುತ್ತಿದ್ದರು. ನನ್ನ ಮಗಳು ತಲೆಯಾಡಿಸಿದಳು. "ಹಂಗ ಹೇಳಬ್ಯಾಡ ಅತ್ತಿ. ನಿನ್ನೊಬ್ಬಾಕಿ ಕಣ್ಣು ಸಾಕ್ಷಿ ಆದ್ರ, ಮೂಲಿಮನಿ ಅಜ್ಜಿ ಕಣ್ಣೂ ಸಾಕ್ಷಿ ಆಗಬೇಕಲ್ಲ? ಒಬ್ಬರನ್ನ ನೋಡಿ ಹೇಳೂ ಮಾತಲ್ಲ ಇದು."

ತನ್ನ ಪರವಾಗಿ ಬಂದ ಸಾಕ್ಷಿಯನ್ನೂ ತೂಗಿ ನೋಡಿ ಪಕ್ಕಕ್ಕಿಟ್ಟಳಲ್ಲ! ಅವಳು ಡಾಕ್ಟರಾಗಿದ್ದು ನನ್ನ ಮಟ್ಟಿಗೆ ಅವತ್ತೇ.

"ನೋಡೋ, ನಿನ್ನ ಮಗಳಿಗೆ ನನ್ನ ಕಣ್ಣಂದ್ರ ಕಿಮ್ಮತ್ತೇ ಇಲ್ಲ!" ಎಂದು ನನ್ನನ್ನು ಬೈಯುತ್ತಲೇ ಅಕ್ಕ, ಊಟಕ್ಕೆ ಕೂತ ಅವಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು.