ಏಳು ದಿನ ಇಟ್ಟ ಲಕೋಟೆ

ಕಸ್ತೂರಿ, ನಿನ್ನ ನರ್ಸಿಂಗ್ ಶಾಲೆಯ ಪತ್ರ ಬಂದಿತ್ತು. ಬಂದದ್ದು ನನಗೆ ಗೊತ್ತಿತ್ತು. ನಿನಗೆ ಹೇಳಲಿಲ್ಲ.

ನಾನು ನಾಲ್ಕನೆಯ ತರಗತಿಯ ತನಕ ಓದಿದವಳು, ಬರೆಯುವುದು ನಿಧಾನ. ಆದರೂ ಇದನ್ನು ಬೇರೆಯವರ ಕೈಯಿಂದ ಬರೆಸಲಾರೆ.

ಆ ವರ್ಷ ವಾಕಡದ ನಮ್ಮ ಗಲ್ಲಿಯನ್ನು ಗಟಾರದ ಪೈಪು ಹಾಕಲು ಅಗೆದಿದ್ದರು, ತಗ್ಗಿನ ತುಂಬ ಮಳೆನೀರು ನಿಂತಿತ್ತು. ಪೋಸ್ಟ್‌ಮನ್ ಒಳಗೆ ಬರುವುದು ನಿಂತಿತು. ರಸ್ತೆ ಆಗುವ ತನಕ ಟಪಾಲನ್ನು ಕಚೇರಿಗೇ ಬಂದು ಒಯ್ಯಿರಿ ಎಂದರು. "ಪೋಸ್ಟಮನ್ ಮಾಮಾಗ ಈಜ ಬರಂಗಿಲ್ಲ ಕಾಣ್ತದ" ಎಂದು ನೀನು ನಗುತ್ತಿದ್ದೆ. ನಾನು ಕೆಲಸಕ್ಕೆ ಹೋಗುವ ಕಟ್ಟಡ ಅಂಚೆ ಕಚೇರಿಯ ಹತ್ತಿರವೇ ಇತ್ತು. ಕೇಳಿಕೊಂಡು ಬರುವುದು ನನ್ನ ಪಾಲಿಗೆ ಬಂತು.

ಒಂದು ಮಧ್ಯಾಹ್ನ, ಮೈಮೇಲಿನ ಸಿಮೆಂಟನ್ನೂ ಝಾಡಿಸದೆ ಹೋಗಿ, ಕಿಟಕಿಯಲ್ಲಿ ನಿನ್ನ ಹೆಸರು ಹೇಳಿದೆ. ಒಳಗಿನ ಹೆಂಗಸು ಲಕೋಟೆ ಎತ್ತಿ ತೋರಿಸಿದಳು. ರಿಜಿಸ್ಟರ್ ಪತ್ರ, ಅವಳೇ ಬಂದು ಸಹಿ ಮಾಡಬೇಕು, ಏಳು ದಿನ ಇಡುತ್ತೇವೆ, ಆಮೇಲೆ ವಾಪಸ್ — ಮರಾಠಿಯಲ್ಲಿ ಎರಡು ಸಲ ಹೇಳಿದಳು. ತಿಳಿಯಲಿಲ್ಲ ಎಂದು ಈಗ ಹೇಳಬಹುದು. ತಿಳಿದಿತ್ತು.

ಮನೆಗೆ ಬಂದಾಗ ನೀನು ನನ್ನ ಮಗಳಿಗೆ ಅನ್ನ ಉಣಿಸುತ್ತಿದ್ದೆ. ನೀನು ಹೋದರೆ ಇವಳನ್ನು ಯಾರು ನೋಡುತ್ತಾರೆ — ಅಷ್ಟೇ ಯೋಚಿಸಿದೆ. ಅಷ್ಟಾದರೂ ಯೋಚಿಸಿದೆನೋ ಇಲ್ಲವೋ —

"ಬಂತೇನ ಅಕ್ಕಾ?"

"ಇನ್ನೂ ಇಲ್ಲ."

ಆರನೆಯ ದಿನ ನೀನೇ ಹೋಗಿ ಕೇಳುತ್ತೇನೆಂದು ಚಪ್ಪಲಿ ಮೆಟ್ಟಿದೆ. ಆಗ ನಾನು ಅಂದೆ: "ಕಚೇರಿಗೂ ಟಪಾಲ ಬರಾಕತ್ತಿಲ್ಲಂತ. ಕೆಸರಾಗ ಯಾಕ ಹೋಗ್ತಿ, ಕೂಸಿನ್ನ ನೋಡ್ಕೋ." ನೀನು ಚಪ್ಪಲಿ ಬಿಟ್ಟು ಒಳಗೆ ಹೋದೆ. ನನಗೆ ಏನೂ ಅನಿಸಲಿಲ್ಲ. ಕೈಕಾಲು ತೊಳೆದೆ, ಉಂಡೆ. ಎಂಟನೆಯ ದಿನವೂ ಉಂಡೆ.

ಗಲ್ಲಿಯ ತಗ್ಗು ಮುಚ್ಚಿದ ಮೇಲೆ ಪೋಸ್ಟ್‌ಮನ್ ಬಂದು, ನಿನ್ನದೊಂದು ಪತ್ರ ವಾಪಸ್ ಹೋಯಿತು, ಯಾರೂ ಒಯ್ಯಲಿಲ್ಲ ಎಂದ. ಅಷ್ಟರಲ್ಲಿ ಸೀಟು ತುಂಬಿತ್ತು. ನೀನು ಅವನೊಡನೆ ಜಗಳಕ್ಕೆ ನಿಂತೆ — "ನಮ್ಮ ಅಕ್ಕ ದಿನಾ ಹೋಗಿ ಕೇಳ್ಯಾಳ." ನಾನು ನಿನ್ನ ಹಿಂದೆಯೇ ನಿಂತಿದ್ದೆ.

ಈಗ ನೀನು ಗಂಡನ ಮನೆಯಲ್ಲಿ, ಸಾಸವಡದಲ್ಲಿ. ಅಲ್ಲಿಯ ದವಾಖಾನೆಯ ನೆಲ ಒರೆಸುತ್ತೀ. ಹೋದ ದೀಪಾವಳಿಗೂ ನೀನು ಅದೇ ಮಾತು ಹೇಳಿದೆ, ಅಕ್ಕ ದಿನಾ ಹೋಗಿ ಕೇಳಿದಳು ಎಂದು —

ಇದನ್ನು ಟಪಾಲಿಗೆ ಹಾಕುವುದಿಲ್ಲ. ಭಾನುವಾರ ಬಸ್ಸು ಹಿಡಿದು ಬರುತ್ತೇನೆ. ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವ ತನಕ ಬಾಗಿಲ ಹೊರಗೇ ನಿಂತಿರುತ್ತೇನೆ.