ಎಮ್ಮೆಗಳ ಪಾಲಾದ ಬಾತ್‌ಟಬ್

ಗೆಳೆಯರೇ, ನಮ್ಮ ಬಚ್ಚಲಿನ ಬಾತ್‌ಟಬ್ ಇವತ್ತು ಮನೆ ಬಿಟ್ಟಿತು. ಬೀದರಿನ ಈ ಮನೆಯ ಗೃಹಪ್ರವೇಶಕ್ಕೆಂದು ಅಣ್ಣ ಕೊಡಿಸಿದ್ದು. ಮೂರು ತಿಂಗಳ ಹಿಂದೆ ಅದರ ಅಂಚು ದಾಟುವಾಗ ಅವ್ವ ಬಿದ್ದು ಸೊಂಟ ಮುರಿದುಕೊಂಡಳು. ಈಗ ವಾಕರ್ ಹಿಡಿದು ನಡೆಯುತ್ತಾಳೆ. ಅದಕ್ಕೇ ಟಬ್ ಕೀಳಿಸಿ, ನೆಲ ಸಮ ಮಾಡಿಸಿ, ಕೂತು ಸ್ನಾನ ಮಾಡುವಂತೆ ಶವರ್ ಹಾಕಿಸುತ್ತಿದ್ದೇನೆ.

ಬೆಳಿಗ್ಗೆ ಅಣ್ಣನ ಫೋನ್ ಬಂತು. "ಟಬ್ ಒಡಿಸಬ್ಯಾಡ ತಂಗಿ. ನಮ್ಮ ಎಮ್ಮಿಗೋಳಿಗಿ ನೀರ ಕುಡೀಲಾಕ ಬರ್ತದ. ಗಾಡಿ ತಗೊಂಡು ಬರ್ತೇನಿ."

ಒಂದು ತಾಸಿನಲ್ಲಿ ಅಣ್ಣನ ಊರು ಕಮಠಾಣದಿಂದ ಟೆಂಪೋ ಬಂದೇಬಿಟ್ಟಿತು. ಅವ್ವನನ್ನು ಆಸ್ಪತ್ರೆಗೆ ಸೇರಿಸಿದ ದಿನ ಇದೇ ಅಣ್ಣ, "ಗಾಡಿ ಸಿಗವಲ್ದು, ಹ್ಯಾಂಗ ಬರ್ಲಿ?" ಎಂದಿದ್ದ.

ಬಂದವನು ನೇರ ಬಚ್ಚಲಿಗೆ ನುಗ್ಗಿದ. "ಮೆಲ್ಲಗ ಹಿಡೀರಿ, ಪೆಟ್ಟು ಬಿದ್ದೀತು" ಎಂದು ಆಳುಗಳಿಗೆ ಹತ್ತು ಸಲ ಹೇಳಿದ. ಟಬ್ಬಿನ ಕೆಳಗೆ ಹಾಸಲು ಅವ್ವನ ಮಂಚದ ಮೇಲಿನ ಕೌದಿಯನ್ನೇ ಎಳೆದುಕೊಂಡು ಹೋದ.

ಅವ್ವ ವಾಕರ್ ಊರುತ್ತ ಬಾಗಿಲಿಗೆ ಬಂದಳು. "ಅಂಚು ಭಾಳ ಎತ್ತರ ಅದ ಮಗಾ. ಸಣ್ಣ ಕರುಗೋಳಿಗಿ ಎಟಕಲ್ಲ."

ಅಣ್ಣ ನಕ್ಕ. "ಅಷ್ಟೂ ತಿಳಿಯಂಗಿಲ್ಲೇನವ್ವ ನನಗ? ಅರ್ಧ ನೆಲದಾಗ ಹುಗೀತೇನಿ. ಮೂಕ ಪ್ರಾಣಿ ಅವ. ಬಾಯಿ ಬಿಟ್ಟು ಹೇಳ್ತಾವೇನು ಪಾಪ? ನಾವೇ ತಿಳ್ಕೋಬೇಕು."

ಟಬ್ ಕೂರಿಸಿದ ದಿನ ಅವ್ವ ಇವನೆದುರೇ ನಿಂತು, "ಇಷ್ಟು ಎತ್ತರ ನನ್ನ ಕಾಲು ಏಳಂಗಿಲ್ಲಪ್ಪ" ಎಂದು ಬಾಯಿ ಬಿಟ್ಟು ಹೇಳಿದ್ದಳು. ತಪ್ಪು ಅವಳದೇ ಇರಬೇಕು, ಮೂಕ ಪ್ರಾಣಿಯಾಗಿ ಹುಟ್ಟಲಿಲ್ಲ.